ಪಂಪ್ ನಿಲ್ಲುವ ವೋಲ್ಟು, ಮತ್ತೆ ಶುರುವಾಗುವ ವೋಲ್ಟು

ಹಗಲಷ್ಟೇ ನೀರೆತ್ತುವುದಾದರೆ ಸೋಲಾರ್ ಪಂಪಿಗೆ ಬ್ಯಾಟರಿಯೇ ಬೇಡ. ಎತ್ತರದಲ್ಲೊಂದು ಟ್ಯಾಂಕ್ ಇಟ್ಟರೆ ಸಾಕು, ಅದು ಅಗ್ಗ. ನಮ್ಮಲ್ಲಿ ಬೆಳಗಿನ ಜಾವವೇ ಕೊಟ್ಟಿಗೆಗೆ ಒತ್ತಡದ ನೀರು ಬೇಕು. ಹಾಗಾಗಿ 12 ವೋಲ್ಟ್, 150 ಆಂಪಿಯರ್-ಅವರ್, ಅಂದರೆ 150 ಎಎಚ್‌ನ ಎರಡು ಟ್ಯೂಬುಲರ್ (ಸೀಸ-ಆಮ್ಲದ) ಬ್ಯಾಟರಿಗಳನ್ನು ಸೀರೀಸಿನಲ್ಲಿ ಹಾಕಿದ್ದೇನೆ. ಪಂಪು 24 ವೋಲ್ಟಿನ ಡಿಸಿ, 360 ವ್ಯಾಟ್. ಓಡುವಾಗ 15 ಆಂಪ್ಸ್ ಎಳೆಯುತ್ತದೆ.

ಪ್ಯಾನೆಲ್, ಬ್ಯಾಟರಿ, ಪಂಪು ಮೂರನ್ನೂ ನೋಡಿಕೊಳ್ಳುವ ಪೆಟ್ಟಿಗೆ ಕಂಟ್ರೋಲರ್; ಅದು ಪಂಪನ್ನು ನಿಲ್ಲಿಸುವ ವೋಲ್ಟೇ ಲೋ ಕಟ್-ಆಫ್. ಅದನ್ನು 21.6ಕ್ಕೆ ಬಿಟ್ಟರೆ, ಎರಡೂ ಬ್ಯಾಟರಿ ಸೇರಿ 12 ಸೆಲ್, ಸೆಲ್ಲಿಗೆ 1.8 ವೋಲ್ಟ್ ಆಯಿತು. ಈ ಕರೆಂಟಿನಲ್ಲಿ ಅದು ಬ್ಯಾಟರಿಯ ತಳ. ದಿನಾ ತಳ ಮುಟ್ಟಿಸಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಹಾಗೆಂದು ಯಾವ ವೋಲ್ಟಿಗೆ ಎಷ್ಟು ಚಾರ್ಜ್ ಎಂದು ತೋರಿಸುವ ಚಾರ್ಟಿನಲ್ಲಿ ಅರ್ಧಕ್ಕೆ 24.4 ಎಂದಿದೆಯಲ್ಲ ಎಂದು ಅದನ್ನೇ ಹಾಕಬೇಡಿ. ಅದು ಗಂಟೆಗಟ್ಟಲೆ ಸುಮ್ಮನಿದ್ದ ಬ್ಯಾಟರಿಯ ಅಳತೆ. ಪಂಪ್ ಓಡುವಾಗ ಅಷ್ಟು ಸಿಗುವುದಿಲ್ಲ.

ಸರಿಯಾದ ಅಂಕಿಯನ್ನು ಬ್ಯಾಟರಿಯನ್ನೇ ಕೇಳಿದೆ. ಪೂರ್ತಿ ಚಾರ್ಜ್ ಮಾಡಿ, ಪ್ಯಾನೆಲಿನ ಎಂಸಿಬಿ ಸ್ವಿಚ್ ಇಳಿಸಿ, ನೀರು ಹೊಂಡಕ್ಕೇ ವಾಪಸ್ ಬೀಳುವಂತೆ ಪೈಪ್ ತಿರುಗಿಸಿ ಪಂಪನ್ನು 5 ಗಂಟೆ ಓಡಿಸಿದೆ. 15 ಆಂಪ್ಸ್, 5 ಗಂಟೆ: 75 ಎಎಚ್, ಸರಿಯಾಗಿ ಅರ್ಧ. ಪಂಪ್ ಓಡುತ್ತಿರುವಾಗಲೇ ಮಲ್ಟಿಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಕ್ಕೆ ಒತ್ತಿ ನೋಡಿದಾಗ 23.8 ಬಂತು. ವೈರಿನ ತುದಿಯ ಲಗ್ಗಿನ ಮೇಲೆ ಒತ್ತಿದರೆ ಲಗ್ ಸಡಿಲವಾಗಿದ್ದರೂ ಆ ನಷ್ಟ ಅಂಕಿಯೊಳಗೆ ಸೇರಿಬಿಡುತ್ತದೆ.

ಅದೇ ಹೊತ್ತಿನಲ್ಲಿ ಕಂಟ್ರೋಲರ್ ಪರದೆ ತೋರಿಸಿದ್ದು 23.4. ಆ 0.4 ವೋಲ್ಟನ್ನು ತಿಂದದ್ದು ವೈರು. ಬ್ಯಾಟರಿಯಿಂದ 3 ಮೀಟರ್, ಹೋಗಿಬರಲು 6 ಮೀಟರ್, 4 ಸ್ಕ್ವೇರ್ ಎಂಎಂ ತಾಮ್ರ. ಮೀಟರಿಗೆ ಸುಮಾರು 4.6 ಮಿಲಿಓಮ್ ಹಿಡಿದು ಗುಣಿಸಿದರೆ ಲೆಕ್ಕ ಕೂಡುತ್ತದೆ. ಕಂಟ್ರೋಲರಿಗೆ ತಾನು ಕಂಡದ್ದೇ ಸತ್ಯ, ಆದ್ದರಿಂದ ಕಟ್-ಆಫ್ 23.4ಕ್ಕೆ ಇಟ್ಟೆ. ವೈರ್ ಬದಲಿಸಿದ ದಿನ ಈ ಅಂಕಿಯೂ ಬದಲಾಗಬೇಕು.

ಹೆಚ್ಚಿನವರು ಎಡವುವುದು ರೀಕನೆಕ್ಟ್ ವೋಲ್ಟೇಜಿನಲ್ಲಿ, ಅಂದರೆ ಪಂಪ್ ಮತ್ತೆ ಶುರುವಾಗುವ ವೋಲ್ಟಿನಲ್ಲಿ. ಪಂಪ್ ನಿಂತೊಡನೆ ವೈರಿನ ನಷ್ಟ ಇಲ್ಲವಾಗುತ್ತದೆ, ಬ್ಯಾಟರಿಯೂ ಚೇತರಿಸಿಕೊಂಡು ಕೆಲವೇ ನಿಮಿಷದಲ್ಲಿ 24.3ರ ಆಸುಪಾಸಿಗೆ ಬರುತ್ತದೆ. ರೀಕನೆಕ್ಟ್ 24.2 ಇದ್ದರೆ ಪಂಪ್ ಮತ್ತೆ ಶುರು, ಮತ್ತೆ ಬಂದ್. ಟಕ್, ಟಕ್ ಎಂದು ರಾತ್ರಿಯೆಲ್ಲ ಇದೇ ಆಟ. ಪ್ರತಿ ಸಲವೂ ಸ್ಟಾರ್ಟಿಂಗ್ ಕರೆಂಟಿಗೆ ರಿಲೇ ಕಾಂಟ್ಯಾಕ್ಟ್ ಸುಡುತ್ತದೆ. ನಾನಿಟ್ಟದ್ದು 26.2. ಬಿಸಿಲು ಬಿದ್ದು ಚಾರ್ಜ್ ಆಗದೆ ಬ್ಯಾಟರಿ ತಾನಾಗಿ ಅಲ್ಲಿಗೆ ಏರುವುದಿಲ್ಲ.

ಮೋಟಾರು ಎದ್ದೇಳುವಾಗ ಒಂದೆರಡು ಸೆಕೆಂಡು ವೋಲ್ಟೇಜ್ ಕುಸಿಯುತ್ತದೆ. ಅದಕ್ಕೆ ಕಟ್-ಆಫ್ ತಗ್ಗಿಸಬಾರದು, 10 ಸೆಕೆಂಡಿನ ಡಿಲೇ ಕೊಡಬೇಕು. ಡಿಲೇ ಸೌಲಭ್ಯ ಇಲ್ಲದಿದ್ದರೆ ದಪ್ಪ ವೈರು.

ಮೇಲಿನ ಮಿತಿ ಸುಲಭ: ಅಬ್ಸಾರ್ಪ್ಷನ್ (ಬ್ಯಾಟರಿ ಪೂರ್ತಿ ತುಂಬಿಸುವ ಹಂತ) 28.8, ಫ್ಲೋಟ್ (ತುಂಬಿದ ಮೇಲೆ ಹಾಗೇ ಹಿಡಿದಿಡುವ ಹಂತ) 27.2. ಇವು 25 ಡಿಗ್ರಿಯ ಅಂಕಿಗಳು. ಸೆಲ್ಲಿಗೆ ಡಿಗ್ರಿಗೆ 4 ಮಿಲಿವೋಲ್ಟ್ ಇಳಿಸಿದರೆ, 40 ಡಿಗ್ರಿಯ ಶೆಡ್ಡಿನಲ್ಲಿ 28.8 ಹೋಗಿ 28.1 ಆಗುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಹೀಗೆ ಇಳಿಸದಿದ್ದರೆ ಡಿಸ್ಟಿಲ್ಡ್ ವಾಟರ್ ಹೊಯ್ಯುವುದೇ ಕೆಲಸ.

ಎಂಟು ಸೆಲ್ಲಿನ ಲಿಥಿಯಂ ಫಾಸ್ಫೇಟ್ ಪ್ಯಾಕಿಗೆ ಈ ಅಂಕಿಗಳು ಯಾವುವೂ ಸಲ್ಲವು. ಅಲ್ಲಿ ಚಾರ್ಜ್ 28.4, ಕಟ್-ಆಫ್ 25ರ ಸುಮಾರು, ಈಕ್ವಲೈಸ್ (ಸೆಲ್ಲುಗಳನ್ನು ಸಮ ಮಾಡುವ ಹೆಚ್ಚು ವೋಲ್ಟಿನ ಚಾರ್ಜ್) ಬಂದ್. ಪ್ಯಾಕಿನೊಳಗಿನ ರಕ್ಷಣಾ ಸರ್ಕ್ಯೂಟಾದ ಬಿಎಂಎಸ್ ತಾನೇ ಕಡಿಯುವ ಮೊದಲು ಕಂಟ್ರೋಲರ್ ಪಂಪನ್ನು ನಿಲ್ಲಿಸಿರಬೇಕು. ಬಿಎಂಎಸ್ ಕಡಿದರೆ ಕಂಟ್ರೋಲರಿಗೆ ಬ್ಯಾಟರಿಯೇ ಕಾಣುವುದಿಲ್ಲ. ಮರುದಿನ ಬಿಸಿಲು ಬಂದರೂ ಕೆಲವು ಕಂಟ್ರೋಲರುಗಳು ಏಳುವುದಿಲ್ಲ.

ಟ್ಯೂಬುಲರ್ ಜೋಡಿಗೆ ವರ್ಷಕ್ಕೊಮ್ಮೆ ಅದೇ 5 ಗಂಟೆಯ ಪರೀಕ್ಷೆ. 4 ಗಂಟೆಗೇ 23.8ಕ್ಕೆ ಬಂದರೆ ಬ್ಯಾಟರಿ ಐದನೇ ಒಂದು ಭಾಗ ಕಳೆದುಕೊಂಡಿದೆ ಎಂದು ಲೆಕ್ಕ. ಆಗ ಕಟ್-ಆಫ್ ಅಂಕಿಯನ್ನು ಬದಲಿಸುವುದಿಲ್ಲ, ಪಂಪ್ ಓಡಿಸುವ ಹೊತ್ತನ್ನು ಕಡಿಮೆ ಮಾಡುತ್ತೇನೆ.