ಹದಿಹರೆಯದ ಹ್ಯಾಕರ್‌ಗಳ ಥ್ರಿಲ್ಲರ್ ಬರೆಯುವುದು ಹೇಗೆ: ಗಡುವು, ಫೋನ್ ಕಾಲ್ ಮತ್ತು ನೆಟ್ ಸೆಂಟರಿನ ನೋಟ್‌ಬುಕ್

ಹೀರೋ ಯಾರು ಅಂತ ಯೋಚಿಸುವ ಮೊದಲು ಗಡುವು ಯಾವುದು ಅಂತ ತೀರ್ಮಾನಿಸಿ. ಇಡೀ ದೇಶದ ಕರೆಂಟ್ ಹೋಗುತ್ತೆ, ಉಪಗ್ರಹ ಕೆಳಗೆ ಬೀಳುತ್ತೆ ಅಂತೆಲ್ಲ ಬರೆದರೆ ಓದುಗರು ಆಕಳಿಸುತ್ತಾರೆ. ಅದರ ಬದಲು ಸಿಇಟಿ ಆಪ್ಷನ್ ಎಂಟ್ರಿ ಮುಗಿಯುವುದಕ್ಕೆ ಇನ್ನು ಮೂರೇ ಗಂಟೆ ಇದೆ, ಹುಡುಗಿಯ ಲಾಗಿನ್‌ಗೆ ಯಾರೋ ನುಗ್ಗಿ ಕಾಲೇಜುಗಳ ಕ್ರಮವನ್ನು ಅದಲು ಬದಲು ಮಾಡಿದ್ದಾರೆ ಅಂತ ಬರೆಯಿರಿ. ಪಿಯುಸಿ ಮಕ್ಕಳಿರುವ ಯಾವ ಮನೆಯಲ್ಲಾದರೂ ಎದೆ ಧಸಕ್ ಅನ್ನುತ್ತದೆ.

ಈ ಗಡುವು ಯಾಕೆ ಚೆನ್ನ ಅಂದ್ರೆ ಅದರೊಳಗೇ ಹಂತಗಳಿವೆ. ರ್‍ಯಾಂಕ್ ಬರುತ್ತದೆ, ಆಪ್ಷನ್ ತುಂಬುತ್ತಾರೆ, ಅಣಕು ಸೀಟು ಹಂಚಿಕೆ ಬರುತ್ತದೆ, ಅದನ್ನು ನೋಡಿಕೊಂಡು ಕ್ರಮ ಬದಲಿಸುತ್ತಾರೆ, ಆಮೇಲೆ ನಿಜವಾದ ಹಂಚಿಕೆ, ಆಮೇಲೆ ಶುಲ್ಕ ಕಟ್ಟುವ ಕೊನೆಯ ದಿನ. ಒಂದೊಂದು ಹಂತ ಮುಗಿದಾಗಲೂ ಹಿಂದಕ್ಕೆ ಹೋಗುವ ದಾರಿ ಮುಚ್ಚುತ್ತದೆ. ನಿಮ್ಮ ಕಾದಂಬರಿಯ ಭಾಗಗಳು ಸುಮ್ನೆ ಕೂತಲ್ಲೇ ಸಿಕ್ಕಿಬಿಟ್ಟವು. ಸಿಇಟಿ ಬೇಡ ಅಂದ್ರೆ ವಿದ್ಯಾರ್ಥಿವೇತನದ ಕೊನೆ ದಿನಾಂಕ, ಹಾಸ್ಟೆಲ್ ಸೀಟು, ಎಸ್ಎಸ್ಎಲ್‌ಸಿ ಮರುಮೌಲ್ಯಮಾಪನ, ಯಾವುದಾದರೂ ನಡೆಯುತ್ತದೆ. ಇಲಾಖೆಯ ಹೆಸರನ್ನು ಮಾತ್ರ ಬದಲಿಸಿಕೊಳ್ಳಿ, ಆಗ ಕೈ ಕಟ್ಟಿಹಾಕಿದ ಹಾಗಾಗುವುದಿಲ್ಲ.

ಇನ್ನು ಹ್ಯಾಕಿಂಗ್. ಕತ್ತಲೆ ಕೋಣೆ, ತಲೆ ಮುಚ್ಚುವ ಕಪ್ಪು ಜಾಕೆಟ್, ಪರದೆ ತುಂಬ ಸುರಿಯುವ ಹಸಿರು ಅಕ್ಷರ, ಮೂವತ್ತೇ ಸೆಕೆಂಡಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್. ಇದಿಷ್ಟನ್ನೂ ದಯವಿಟ್ಟು ಬಿಟ್ಟುಬಿಡಿ. ಓದುವವರು ಹದಿನಾರು ಹದಿನೇಳರ ಮಕ್ಕಳು. ಫೋನು, ಕಂಪ್ಯೂಟರು ಅಂದ್ರೆ ಅವರಿಗೆ ನಮಗಿಂತ ಜಾಸ್ತಿ ಗೊತ್ತು. ನಗುತ್ತಾರೆ.

ನಿಜವಾಗಿ ನಡೆದದ್ದನ್ನು ನೋಡಿ. 2020ರ ಜುಲೈ 15ರಂದು ಟ್ವಿಟರ್‌ನಲ್ಲಿ ಒಬಾಮಾ, ಬೈಡನ್, ಬಿಲ್ ಗೇಟ್ಸ್, ಎಲಾನ್ ಮಸ್ಕ್ ಇವರ ಖಾತೆಗಳಿಂದಲೇ 'ಬಿಟ್‌ಕಾಯಿನ್ ಕಳಿಸಿ, ಎರಡರಷ್ಟು ವಾಪಸ್ ಕೊಡ್ತೇವೆ' ಅನ್ನುವ ಪೋಸ್ಟ್‌ಗಳು ಬಂದವು. ಸಿಕ್ಕಿಬಿದ್ದ ಮುಖ್ಯ ಆರೋಪಿ ಫ್ಲಾರಿಡಾದ ಟ್ಯಾಂಪಾದಲ್ಲಿದ್ದ 17 ವರ್ಷದ ಹುಡುಗ. ಒಳಗೆ ಹೋಗಿದ್ದು ಹೇಗೆ ಅಂತೀರಿ? ಫೋನ್ ಮಾಡಿ! ಕೊರೊನಾ ಕಾಲ, ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು, ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಆಗಾಗ ಕೈಕೊಡುತ್ತಿತ್ತು, ಹಾಗಾಗಿ ಕಂಪನಿಯ ಐಟಿ ವಿಭಾಗದವರ ಸೋಗಿನಲ್ಲಿ ಉದ್ಯೋಗಿಗಳಿಗೆ ಕರೆ ಮಾಡಿ, ನಿಮ್ಮ ವಿಪಿಎನ್ ಸರಿಮಾಡಿಕೊಡ್ತೇವೆ ಅಂತ ಹೇಳಿ ನಕಲಿ ಲಾಗಿನ್ ಪುಟಕ್ಕೆ ಕಳಿಸಿದರು. ಯಾರೋ ಒಬ್ಬರು ನಂಬಿದರೆ ಸಾಕಿತ್ತು.

2016ರ ಮಿರಾಯ್ ಅನ್ನುವ ಮಾಲ್‌ವೇರ್, ಅಂದ್ರೆ ಕಳ್ಳತನದಲ್ಲಿ ಒಳನುಗ್ಗುವ ಪ್ರೋಗ್ರಾಮು, ಅದರ ಕಥೆಯೂ ಹಾಗೇ. ಇಪ್ಪತ್ತರ ಆಸುಪಾಸಿನ ಮೂವರು ಹುಡುಗರು ಲಕ್ಷಗಟ್ಟಲೆ ಸಿಸಿಟಿವಿ ಕ್ಯಾಮೆರಾ, ರೌಟರ್‌ಗಳನ್ನು ವಶಕ್ಕೆ ತೆಗೆದುಕೊಂಡರು. ಕೈಯಲ್ಲಿದ್ದದ್ದು ಕಂಪನಿಗಳೇ ಇಟ್ಟು ಕಳಿಸುವ, ಜನ ಬದಲಿಸದೇ ಬಿಡುವ ಅರವತ್ತು ಚಿಲ್ಲರೆ ಯೂಸರ್‌ನೇಮ್ ಪಾಸ್‌ವರ್ಡ್ ಜೋಡಿಗಳ ಪಟ್ಟಿ. ಶುರುವಾಗಿದ್ದು ಯಾಕೆ? ಮೈನ್‌ಕ್ರಾಫ್ಟ್ ಆಟದ ಸರ್ವರ್ ನಡೆಸುವವರ ಜಗಳದಿಂದ, ಅದರೊಳಗಿನ ದುಡ್ಡಿನಿಂದ. ಇಂಥ ಚಿಲ್ಲರೆ ಕಾರಣವೇ ಹದಿಹರೆಯದ ಕಥೆಗೆ ಸರಿಯಾದ ಕಾರಣ. ಲೋಕ ಉಳಿಸುವುದಕ್ಕೆ ಯಾವ ಹುಡುಗನೂ ರಾತ್ರಿ ಎದ್ದು ಕೂರುವುದಿಲ್ಲ, ಗೆಳೆಯನ ಮುಂದೆ ಸೋಲಬಾರದು ಅಂತ ಬೆಳಗಿನ ಜಾವದ ತನಕ ಕೂರುತ್ತಾನೆ.

ಹಾಗಾಗಿ ನಿಮ್ಮ ಊರಿನಲ್ಲಿ ಬೀಗ ಎಲ್ಲಿ ಸಡಿಲ ಇದೆ ಅಂತ ಹುಡುಕಿ. ನನ್ನ ಪ್ರಕಾರ ಅದು ಸರ್ವರ್‌ನಲ್ಲಿಲ್ಲ, ನೆಟ್ ಸೆಂಟರಿನ ನೋಟ್‌ಬುಕ್‌ನಲ್ಲಿದೆ. ಅರ್ಜಿ ತುಂಬಿಸಲು ಬಂದ ಮಕ್ಕಳ ಹೆಸರು, ಅರ್ಜಿ ಸಂಖ್ಯೆ, ಮೊಬೈಲ್ ನಂಬರ್, ಪಾಸ್‌ವರ್ಡ್ ಎಲ್ಲವನ್ನೂ ನೀಲಿ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳುವ ಉದ್ದನೆ ನೋಟ್‌ಬುಕ್. ಅವರೇನು ಕೆಟ್ಟವರಲ್ಲ ಪಾಪ. ನಾಳೆ ಆ ಹುಡುಗನೇ ಬಂದು 'ಅಣ್ಣಾ ಪಾಸ್‌ವರ್ಡ್ ಮರೆತೆ' ಅಂತಾನೆ, ಅದಕ್ಕೆ ಬರೆದಿಟ್ಟಿರುತ್ತಾರೆ. ಆ ಪುಟದ ಫೋಟೋ ಒಂದು ತಪ್ಪು ಕೈಗೆ ಹೋಯಿತು ಅಂತಿಟ್ಟುಕೊಳ್ಳಿ, ನಿಮ್ಮ ಕಥೆ ಹೊರಟಿತು.

ಒಂದು ದೃಶ್ಯವನ್ನೇ ತೆಗೆದುಕೊಳ್ಳೋಣ. ದಾವಣಗೆರೆ. ದ್ವಿತೀಯ ಪಿಯು ಮುಗಿಸಿದ ಸಿಂಚನಾ, ತನ್ನ ಗೆಳತಿ ಕಾವ್ಯನ ಲಾಗಿನ್ ಯಾರಿಗೆ ಬೇಕಾದರೂ ಸಿಗುತ್ತಾ ಅಂತ ಪರೀಕ್ಷಿಸಲು ಅಜ್ಜಿಯ ಫೋನಿನಿಂದ ನೆಟ್ ಸೆಂಟರಿಗೆ ಕರೆ ಮಾಡುತ್ತಾಳೆ.

"ಅಣ್ಣಾ, ನಾನು ಕಾವ್ಯನ ತಂಗಿ. ಅಕ್ಕನಿಗೆ ಪಾಸ್‌ವರ್ಡ್ ಮರೆತು ಹೋಗಿದೆ. ಅಳ್ತಾ ಕೂತಿದ್ದಾಳೆ."

"ಯಾವ ಕಾವ್ಯ ಅಮ್ಮಾ? ನಾಲ್ಕು ಜನ ಇದ್ದಾರೆ."

ಇನಿಷಿಯಲ್ ಕೇಳಿದರೆ ಏನು ಹೇಳುವುದು ಅಂತ ಸಿಂಚನಾ ಯೋಚಿಸಿರಲಿಲ್ಲ. ಆ ಕಡೆ ಹಾಳೆ ತಿರುವುವ ಸದ್ದು.

"ವಿದ್ಯಾನಗರದ್ದಾ? ಕೆ.ಆರ್. ಕಾವ್ಯ?"

"ಹ್ಞೂಂ ಅಣ್ಣಾ, ಅವಳೇ."

"ಫೋನಲ್ಲಿ ಹೇಳಲ್ಲಮ್ಮಾ. ನಿನ್ನೆನೂ ಒಬ್ಬರು ಕೇಳಿದ್ರು, ನಿಮ್ಮ ಮಾವ ಅಂತೆ. ಅಂಗಡಿಗೆ ಬಾ, ಎಂಟಕ್ಕೆ ಬಾಗಿಲು ಹಾಕ್ತೀನಿ."

ಗೋಡೆ ಗಡಿಯಾರದಲ್ಲಿ ಏಳೂ ನಲವತ್ತು. ಕಾವ್ಯನಿಗೆ ಮಾವ ಇಲ್ಲ.

ಇಲ್ಲಿ ಕೀಬೋರ್ಡ್ ಮುಟ್ಟಿದವರು ಯಾರೂ ಇಲ್ಲ. ಆದರೂ ಮೂರು ಕೆಲಸ ಆಗಿದೆ. ಬಡಾವಣೆ, ಇನಿಷಿಯಲ್ ಎರಡನ್ನೂ ಅಂಗಡಿಯವನೇ ಬಾಯಿಬಿಟ್ಟ, ಅವಳು ಹ್ಞೂಂ ಅಂದಳು ಅಷ್ಟೇ. ಖಳನಾಯಕ ಒಂದು ದಿನ ಮುಂದಿದ್ದಾನೆ ಅಂತ ಗೊತ್ತಾಯಿತು. ಇಪ್ಪತ್ತು ನಿಮಿಷದ ಹೊಸ ಗಡುವು ಹುಟ್ಟಿತು. ಪ್ರತಿ ದೃಶ್ಯಕ್ಕೂ ಈ ಲೆಕ್ಕ ಹಾಕಿ: ಏನೋ ಒಂದು ಸಿಗಬೇಕು, ಏನೋ ಒಂದು ಕೆಡಬೇಕು, ಗಡಿಯಾರ ಇನ್ನಷ್ಟು ಬಿಗಿಯಾಗಬೇಕು. ಮೂರರಲ್ಲಿ ಒಂದೂ ಆಗದ ದೃಶ್ಯವನ್ನು ತೆಗೆದುಹಾಕಿ, ಎಷ್ಟೇ ಚೆನ್ನಾಗಿ ಬರೆದಿದ್ದರೂ.

ವೇಗ ಹುಟ್ಟುವ ಇನ್ನೊಂದು ಜಾಗ ಅಂದ್ರೆ ಇಲ್ಲದಿರುವಿಕೆ. ಒಳ್ಳೆ ಲ್ಯಾಪ್‌ಟಾಪ್, ಕಡಿಮೆಯಾಗದ ಇಂಟರ್ನೆಟ್, ಬೀಗ ಹಾಕಿಕೊಳ್ಳುವ ಸ್ವಂತ ಕೋಣೆ ಕೊಟ್ಟುಬಿಟ್ಟರೆ ಹುಡುಗ ಅಲ್ಲೇ ಕೂತುಬಿಡುತ್ತಾನೆ, ಕಥೆಯೂ ಅಲ್ಲೇ ಕೂರುತ್ತದೆ. ನಮ್ಮ ಮನೆಗಳಲ್ಲಿ ಏನಿರುತ್ತದೆ? ಅಪ್ಪನ ಹಳೆ ಫೋನು, ಒಡೆದ ಪರದೆ, ದಿನದ ಡೇಟಾ ಮುಗಿದಿದೆ ಅನ್ನುವ ಮೆಸೇಜು, ಆರೂವರೆಗೆ ಟ್ಯೂಷನ್, 'ಯಾರ ಜೊತೆ ಮಾತು ಅಷ್ಟೊತ್ತಿಂದ' ಅಂತ ಅಡುಗೆಮನೆಯಿಂದ ಅಮ್ಮ. ಓಟಿಪಿ ಹೋಗುವುದು ಅಪ್ಪನ ನಂಬರಿಗೆ, ಅಪ್ಪ ಇರುವುದು ಶಿವಮೊಗ್ಗದ ಬಸ್ಸಿನಲ್ಲಿ, ದಾರಿಯಲ್ಲಿ ಸಿಗ್ನಲ್ ಇಲ್ಲ. ಬಾಂಬು ಬೇಕಾಗಿಲ್ಲ. ಲ್ಯಾಪ್ಸಸ್ ಅನ್ನುವ ಹ್ಯಾಕರ್ ಗುಂಪಿನ ಬ್ರಿಟನ್ನಿನ ಹುಡುಗನೊಬ್ಬ ಜಾಮೀನಿನ ಮೇಲೆ ಹೋಟೆಲಿನಲ್ಲಿದ್ದಾಗ, ಲ್ಯಾಪ್‌ಟಾಪನ್ನು ಪೊಲೀಸರು ಕಿತ್ತುಕೊಂಡಿದ್ದರೂ, ಕೋಣೆಯ ಟಿವಿಗೆ ಇಂಟರ್ನೆಟ್ ತರುವ ಫೈರ್ ಸ್ಟಿಕ್ ಸಿಕ್ಕಿಸಿ, ಮೊಬೈಲ್ ಹಿಡಿದು ದೊಡ್ಡ ಗೇಮ್ ಕಂಪನಿಯೊಂದರ ಒಳಗೆ ನುಗ್ಗಿದ್ದ ಅಂತ 2023ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಹೊರಬಂತು. ನೀವೇ ಕಲ್ಪಿಸಿ ಬರೆದಿದ್ದರೆ 'ಇದೆಲ್ಲ ಅತಿ ಆಯ್ತು' ಅನ್ನುತ್ತಿದ್ದರು, ಅಲ್ವಾ?

ಗುಂಪು ಕಟ್ಟುವಾಗ ಮೂರು ನಾಲ್ಕು ಮಕ್ಕಳು ಸಾಕು. ಒಬ್ಬನಿಗೆ ಕೋಡಿಂಗ್, ಒಬ್ಬನಿಗೆ ಜಗಳ, ಒಬ್ಬಳಿಗೆ ಪ್ರೀತಿ ಅಂತ ಹಂಚಬೇಡಿ. ಚೆನ್ನಾಗಿ ಸುಳ್ಳು ಹೇಳಬಲ್ಲವಳು ಒಬ್ಬಳು ಇರಲಿ, ಸುಳ್ಳೇ ಬಾರದವನು ಒಬ್ಬ ಇರಲಿ, ಕಥೆ ತಾನಾಗಿ ಓಡುತ್ತದೆ. ಜಂಬ ಕೊಚ್ಚಿಕೊಳ್ಳುವವನಂತೂ ಇರಲೇಬೇಕು. 2000ರ ಫೆಬ್ರವರಿಯಲ್ಲಿ ಯಾಹೂ, ಸಿಎನ್ಎನ್, ಇಬೇ, ಅಮೆಜಾನ್ ತಾಣಗಳನ್ನು ಕೆಡವಿದ ಕೆನಡಾದ 15ರ ಹುಡುಗ 'ಮಾಫಿಯಾಬಾಯ್' ಪೊಲೀಸರ ಕಣ್ಣಿಗೆ ಬಿದ್ದದ್ದು ಚಾಟ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದರಿಂದ. ಹೊರಗೆ ಯಾರಿಗೂ ಗೊತ್ತಿಲ್ಲದ ದಾಳಿಯನ್ನೂ ತಾನೇ ಮಾಡಿದ್ದು ಅಂದುಬಿಟ್ಟಿದ್ದ. ಹದಿನೈದರ ವಯಸ್ಸಿನಲ್ಲಿ ಗುಟ್ಟು ಇಟ್ಟುಕೊಳ್ಳುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ನಿಮ್ಮ ಕಥೆಯ ಅತಿ ದೊಡ್ಡ ತಿರುವು ಒಂದು ವಾಟ್ಸಾಪ್ ಸ್ಟೇಟಸ್ ಆಗಿರಬಹುದು.

ಪೊಲೀಸ್ ಭಾಗದಲ್ಲಿ ತುಂಬಾ ಜನ ಎಡವುತ್ತಾರೆ. ಸ್ವಲ್ಪ ನಿಯಮ ತಿಳಿದುಕೊಂಡರೆ ಅದೇ ನಿಮಗೆ ದೃಶ್ಯ ಕೊಡುತ್ತದೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಪ್ರಕಾರ ಇಂಥ ಪ್ರಕರಣದ ತನಿಖೆ ಮಾಡಬೇಕಾದವರು ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನವರು, ಹಾಗಾಗಿ ಸಬ್‌ಇನ್‌ಸ್ಪೆಕ್ಟರ್ ಒಬ್ಬರೇ ಕೇಸು ಭೇದಿಸಿದರು ಅಂತ ಬರೆಯಬೇಡಿ. ನಮ್ಮಲ್ಲಿ ಇಂಥ ಕೇಸು ಹೋಗುವುದು ಸೈಬರ್ ಅಪರಾಧ ನೋಡಿಕೊಳ್ಳುವ ಠಾಣೆಗೆ. ಅದೇ ಐಟಿ ಕಾಯ್ದೆಯ ಸೆಕ್ಷನ್ 66ರಲ್ಲಿ ಮೂರು ವರ್ಷದವರೆಗೆ ಜೈಲು, ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ.

ಆದರೆ ನಿಮ್ಮ ಪಾತ್ರಕ್ಕೆ 18 ತುಂಬಿಲ್ಲ ಅಂದ್ರೆ ಎಲ್ಲ ಬೇರೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಅವರನ್ನು ಲಾಕಪ್‌ಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಪತ್ರಿಕೆಯಲ್ಲಿ ಹೆಸರು, ಶಾಲೆ, ಫೋಟೋ ಏನೂ ಹಾಕುವಂತಿಲ್ಲ. ಇದರಿಂದ ಎಷ್ಟು ಸಿಗುತ್ತೆ ನೋಡಿ. ಪೇಪರಿನಲ್ಲಿ '17 ವರ್ಷದ ಬಾಲಕಿ' ಅಂತ ಬಂದಿದೆ, ಬೀದಿಯವರೆಲ್ಲ ಯಾರಿರಬಹುದು ಅಂತ ಊಹಿಸುತ್ತಿದ್ದಾರೆ, ಅವಳು ಅವರ ನಡುವೆಯೇ ಹಾಲಿನ ಪ್ಯಾಕೆಟ್ ತರಲು ನಿಂತಿದ್ದಾಳೆ. ಇನ್ನೂ ಕ್ರೂರ ಆಗಬೇಕು ಅಂದ್ರೆ ಒಬ್ಬನಿಗೆ ಕಥೆಯ ನಡುವೆಯೇ ಹದಿನೆಂಟು ತುಂಬಿಸಿ. ಬುಧವಾರ ಮಾಡಿದ ಕೆಲಸಕ್ಕೆ ಒಂದು ನ್ಯಾಯ, ಗುರುವಾರ ಹುಟ್ಟುಹಬ್ಬದ ದಿನ ಅದೇ ಕೆಲಸ ಮಾಡಿದರೆ ಇನ್ನೊಂದು.

ನೆಟ್ ಸೆಂಟರಿಗೂ 2011ರ ನಿಯಮಗಳಿವೆ. ಬಂದವರ ಗುರುತಿನ ಚೀಟಿ ನೋಡಬೇಕು, ರಿಜಿಸ್ಟರನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು, ಕ್ಯುಬಿಕಲ್ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು, ಗುರುತಿನ ಚೀಟಿ ಇಲ್ಲದ ಅಪ್ರಾಪ್ತರ ಜೊತೆ ದೊಡ್ಡವರು ಇರಬೇಕು. ನಿಮ್ಮ ಊರಿನ ಸೆಂಟರು ಇದನ್ನೆಲ್ಲ ಪಾಲಿಸುತ್ತದೋ ಇಲ್ಲವೋ ಅದು ಬೇರೆ ಮಾತು. ಕಥೆಯಲ್ಲಿ ಪಾಲಿಸಿದರೆ ಸಿಂಚನಾ ಸಿಕ್ಕಿಬೀಳುತ್ತಾಳೆ, ಪಾಲಿಸದಿದ್ದರೆ ಆ 'ಮಾವ' ತಪ್ಪಿಸಿಕೊಳ್ಳುತ್ತಾನೆ. ಯಾವುದು ಬೇಕೋ ನೋಡಿಕೊಳ್ಳಿ.

ಅಧ್ಯಾಯಗಳನ್ನು ಚಿಕ್ಕದಾಗಿಡಿ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಹೇಳಿಕೊಡಬೇಕಾಗಿಲ್ಲ. ಬಾಗಿಲು ತಟ್ಟಿದ ಸದ್ದಿಗೆ ನಿಲ್ಲಿಸಬೇಕು, ಬಾಗಿಲು ತೆರೆದ ಮೇಲಲ್ಲ. ಆದರೆ ಪ್ರತಿ ಅಧ್ಯಾಯವನ್ನೂ ಹಾಗೇ ಮುಗಿಸಿದರೆ ಓದುಗರಿಗೆ ಗೊತ್ತಾಗಿಬಿಡುತ್ತದೆ. ಮಧ್ಯೆ ಒಂದೆರಡು ಅಧ್ಯಾಯ ಸುಮ್ನೆ ಊಟ ಮಾಡಿ ಮಲಗಲಿ.

ಭಾಷೆಯ ವಿಷಯಕ್ಕೆ ಬಂದರೆ, 'ಗಣಕಯಂತ್ರ', 'ಗುಪ್ತಪದ' ಅಂತ ಹದಿನೇಳರ ಹುಡುಗನ ಬಾಯಲ್ಲಿ ಹಾಕಿದಿರೋ ಅಲ್ಲಿಗೆ ಕಥೆ ಮುಗೀತು. ಪಾಸ್‌ವರ್ಡ್ ಪಾಸ್‌ವರ್ಡೇ. ಮಂಗಳೂರಿನ ಹುಡುಗಿ 'ಎಂತ ಮಾರಾಯಾ' ಅನ್ನಲಿ, ಧಾರವಾಡದವನು 'ಏನಲೇ' ಅನ್ನಲಿ. ಅಪಾಯದಲ್ಲಿ ಇದ್ದಾಗ ಯಾರೂ ಪೂರ್ತಿ ವಾಕ್ಯ ಮಾತಾಡುವುದಿಲ್ಲ. ತಂತ್ರಜ್ಞಾನ ವಿವರಿಸಲೇಬೇಕಾದರೆ ಗೊತ್ತಿಲ್ಲದವರೊಬ್ಬರು ಅಡ್ಡ ಬಂದು ಕೇಳಲಿ, ಅಜ್ಜಿಯೇ ಇರಲಿ, ಉತ್ತರ ಎರಡು ಸಾಲು ದಾಟದಿರಲಿ. ಓದಿ ಹಾಗೇ ಮಾಡಿನೋಡಬಹುದಾದ ಕೋಡು, ಹಂತ ಹಂತದ ವಿವರ ಮಾತ್ರ ಬೇಡ. ಮಕ್ಕಳು ಮಾಡಿಯೇ ನೋಡುತ್ತಾರೆ, ಮತ್ತೆ ಥ್ರಿಲ್ಲರ್‌ಗೆ ಅದರಿಂದ ಏನೂ ಸೇರುವುದಿಲ್ಲ.

ಮುಕ್ತಾಯದಲ್ಲಿ ನಿಮ್ಮ ಹುಡುಗಿಯನ್ನು ಪೂರ್ತಿ ಒಳ್ಳೆಯವಳನ್ನಾಗಿ ಮಾಡಿ ಕೈತೊಳೆದುಕೊಳ್ಳಬೇಡಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ಮಾಲ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಲಾಕ್ ಮಾಡುತ್ತಿದ್ದಾಗ, ಅದರೊಳಗೆ ಬರೆದಿದ್ದ ಒಂದು ವೆಬ್ ವಿಳಾಸವನ್ನು ಹತ್ತು ಡಾಲರ್ ಚಿಲ್ಲರೆಗೆ ನೋಂದಾಯಿಸಿ ತಡೆದವನು ಇಂಗ್ಲೆಂಡಿನ 22 ವರ್ಷದ ಮಾರ್ಕಸ್ ಹಚಿನ್ಸ್. ಪತ್ರಿಕೆಗಳು ಹೊತ್ತು ಮೆರೆಸಿದವು. ಮೂರು ತಿಂಗಳು ಕಳೆದಿಲ್ಲ, ಆಗಸ್ಟಿನಲ್ಲಿ ಅಮೆರಿಕದ ಎಫ್‌ಬಿಐ ಅವನನ್ನು ಲಾಸ್ ವೇಗಸ್‌ನಲ್ಲಿ ಬಂಧಿಸಿತು. ಹದಿಹರೆಯದಲ್ಲಿ ಬ್ಯಾಂಕ್ ಖಾತೆ ಕದಿಯುವ ಮಾಲ್‌ವೇರ್ ಬರೆದಿದ್ದ. 2019ರಲ್ಲಿ ತಪ್ಪೊಪ್ಪಿಕೊಂಡ, ನ್ಯಾಯಾಧೀಶರು ಮತ್ತೆ ಜೈಲಿಗೆ ಕಳಿಸಲಿಲ್ಲ. ಉಳಿಸಿದವನೂ ಅವನೇ, ಮೊದಲು ಕೆಡಿಸಿದವನೂ ಅವನೇ. ಸಿಂಚನಾ ಕಾವ್ಯನ ಸೀಟು ಉಳಿಸಲಿ, ಆದರೆ ಅದಕ್ಕಾಗಿ ಆ ನೋಟ್‌ಬುಕ್‌ನ ಫೋಟೋ ಅವಳೂ ತೆಗೆದಿರಲಿ, ಅದು ಇನ್ನೂ ಅವಳ ಫೋನಿನಲ್ಲಿರಲಿ.

ಬರೆದಾದ ಮೇಲೆ ಇಬ್ಬರಿಗೆ ಓದಲು ಕೊಡಿ. ಒಬ್ಬರು ಐಟಿ ಭದ್ರತೆಯಲ್ಲಿ ಕೆಲಸ ಮಾಡುವವರಾಗಲಿ, ಅವರು ಎಲ್ಲಿ ನಕ್ಕರು ಅಂತ ಗುರುತು ಹಾಕಿಕೊಳ್ಳಿ. ಇನ್ನೊಬ್ಬರು ಪಿಯುಸಿ ಓದುವವರಾಗಲಿ. ಅವರ ಹತ್ತಿರ ಅಭಿಪ್ರಾಯ ಕೇಳಬೇಡಿ, ಸಂಕೋಚಕ್ಕೆ ಚೆನ್ನಾಗಿದೆ ಅಂದುಬಿಡುತ್ತಾರೆ. ಯಾವ ಪುಟದಲ್ಲಿ ಕೆಳಗಿಟ್ಟು ಫೋನ್ ನೋಡಿದೆ ಅಂತಷ್ಟೇ ಕೇಳಿ, ಆ ಪುಟದಿಂದ ಹಿಂದಕ್ಕೆ ಎರಡು ಪುಟ ಹೋಗಿ ಅಲ್ಲಿಂದ ತಿದ್ದಲು ಶುರುಮಾಡಿ.