ಎಂಡೋಸ್ಕೋಪಿ ವಿಡಿಯೊವನ್ನು ಡೈಕಾಮ್ ಕಡತವಾಗಿ ಕಾಪಿಡುವುದು ಹೇಗೆ?

ಎಂಡೋಸ್ಕೋಪಿ ಮುಗಿದ ಮೇಲೆ ರೆಕಾರ್ಡರ್‌ನಿಂದ ಹೊರಬರುವ ವಿಡಿಯೊಗೆ ಎಷ್ಟೋ ಸಲ ಒಂದು ಕ್ರಮಸಂಖ್ಯೆಯ ಹೊರತು ಬೇರೆ ಗುರುತಿರುವುದಿಲ್ಲ. ಅದನ್ನು ಪೆನ್‌ಡ್ರೈವ್‌ನಲ್ಲೋ ಯಾವುದೋ ಫೋಲ್ಡರ್‌ನಲ್ಲೋ ಹಾಕಿಟ್ಟರೆ, ಎರಡು ವರ್ಷದ ಬಳಿಕ ಅದೇ ರೋಗಿ ಮರಳಿ ಬಂದಾಗ ಅದು ಯಾರದು, ಯಾವ ದಿನದ್ದು ಎಂದು ಹೇಳುವವರು ಸಿಗುವುದಿಲ್ಲ. ಸಿ.ಟಿ., ಎಂ.ಆರ್.ಐ. ಚಿತ್ರಗಳಿಗೆ ಈ ಗತಿ ಬಾರದಿರುವುದಕ್ಕೆ, ರೋಗಿಯ ಗುರುತನ್ನೂ ಚಿತ್ರವನ್ನೂ ಒಂದೇ ಕಡತದಲ್ಲಿ ಇಡುವ ಡೈಕಾಮ್ ಎಂಬ ಮಾನದಂಡ ಕಾರಣ. ಅಮೆರಿಕದ ರೇಡಿಯಾಲಜಿ ತಜ್ಞರ ಸಂಸ್ಥೆ ಮತ್ತು ವಿದ್ಯುತ್ ಉಪಕರಣ ತಯಾರಕರ ಸಂಘ 1983ರಲ್ಲಿ ಜಂಟಿ ಸಮಿತಿ ರಚಿಸಿ, 1985ರಲ್ಲಿ ಮೊದಲ ಆವೃತ್ತಿಯನ್ನು ಹೊರತಂದವು. 1993ರಲ್ಲಿ ಅದಕ್ಕೆ ಡೈಕಾಮ್ ಎಂಬ ಹೆಸರು ಬಂತು. ವಿಡಿಯೊ ಈ ಸೂರಿನಡಿ ಬಂದದ್ದು ತಡವಾಗಿ.

ಮೊದಲು ಲೆಕ್ಕ ಹಾಕಿ

1920×1080 ಪಿಕ್ಸೆಲ್‌ಗಳ ಒಂದು ಫ್ರೇಮ್‌ನಲ್ಲಿ ಪ್ರತಿ ಪಿಕ್ಸೆಲ್‌ಗೆ ಮೂರು ಬೈಟ್‌ನಂತೆ 62,20,800 ಬೈಟ್‌ಗಳಿರುತ್ತವೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ಸುಮಾರು 187 ಮೆಗಾಬೈಟ್; ಇಪ್ಪತ್ತು ನಿಮಿಷದ ಪರೀಕ್ಷೆಗೆ 224 ಗಿಗಾಬೈಟ್. ಅದೇ ವಿಡಿಯೊವನ್ನು ಎಚ್.264 ವಿಧಾನದಲ್ಲಿ ಸೆಕೆಂಡಿಗೆ 8 ಮೆಗಾಬಿಟ್‌ಗೆ ಕುಗ್ಗಿಸಿದರೆ 1.2 ಗಿಗಾಬೈಟ್‌ನಲ್ಲಿ ಮುಗಿಯುತ್ತದೆ. ಹೀಗಾಗಿ ಕುಗ್ಗಿಸದೆ ಇಡುವ ಮಾತು ವಿಡಿಯೊ ಮಟ್ಟಿಗೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಸಿ.ಟಿ.ಯ ಒಂದು ಹೋಳು 512×512 ಪಿಕ್ಸೆಲ್, ಅಂದರೆ ಪಿಕ್ಸೆಲ್‌ಗೆ ಎರಡು ಬೈಟ್‌ನಂತೆ ಅರ್ಧ ಮೆಗಾಬೈಟ್. ಅಲ್ಲಿ ಒಂದು ಬಿಟ್ಟೂ ಕಳೆಯದ ಲಾಸ್‌ಲೆಸ್ ಕಂಪ್ರೆಷನ್ ಸಾಕಾಗುತ್ತದೆ. ಆದರೆ ಅದರಿಂದ ಗಾತ್ರ ಸಾಮಾನ್ಯವಾಗಿ ಅರ್ಧಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಯುತ್ತದೆಯೇ ಹೊರತು ನೂರನೇ ಒಂದು ಭಾಗಕ್ಕಲ್ಲ.

ಎಚ್.264 ಇಷ್ಟು ಕುಗ್ಗಿಸುವುದು ಹೇಗೆಂದು ತಿಳಿದಿದ್ದರೆ ಮುಂದಿನ ಆಯ್ಕೆಗಳು ಸುಲಭ. ಅದು ಆಗೊಮ್ಮೆ ಈಗೊಮ್ಮೆ ಮಾತ್ರ ಪೂರ್ತಿ ಫ್ರೇಮ್ ಒಂದನ್ನು ಬರೆದಿಟ್ಟು, ನಡುವಿನ ಫ್ರೇಮ್‌ಗಳಲ್ಲಿ ಹಿಂದು ಮುಂದಿನವುಗಳಿಗಿಂತ ಬದಲಾದದ್ದನ್ನಷ್ಟೇ ದಾಖಲಿಸುತ್ತದೆ. ಬಣ್ಣದ ವಿವರವನ್ನು ಎರಡೂ ದಿಕ್ಕಿನಲ್ಲಿ ಅರ್ಧಕ್ಕಿಳಿಸುವುದು ಇದರ ಜೊತೆಗೇ ಸೇರಿರುತ್ತದೆ. ಓಡುವ ವಿಡಿಯೊದಲ್ಲಿ ಇದಾವುದೂ ಕಣ್ಣಿಗೆ ಬೀಳದು. ವೈದ್ಯರು ಒಂದು ಕ್ಷಣಕ್ಕೆ ನಿಲ್ಲಿಸಿ ಕರುಳಿನ ಒಳಪೊರೆಯ ಸಣ್ಣ ರಕ್ತನಾಳಗಳ ಜಾಲವನ್ನು ನೋಡಹೊರಟಾಗ, ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಬಿಟ್‌ಗಳು) ಕಡಿಮೆಯಿದ್ದರೆ ಆ ಜಾಲದ ಜಾಗದಲ್ಲಿ ಮಸುಕಾದ ಚೌಕಗಳು ಕಾಣುತ್ತವೆ. ಆದ್ದರಿಂದ ಗುಣಮಟ್ಟವನ್ನು ಓಡುವ ವಿಡಿಯೊದಲ್ಲಿ ಅಳೆಯಬೇಡಿ. ಕ್ಯಾಮೆರಾ ಜೋರಾಗಿ ಅಲುಗಿದ ಕಡೆ ನಿಲ್ಲಿಸಿ ನೋಡಿ.

ಒಮ್ಮೆ ಮಾತ್ರ ಕುಗ್ಗಿಸಿ

ಈ ಕೆಲಸದಲ್ಲಿ ನಾನು ಬಿಡದೆ ಹೇಳುವ ಮಾತು ಇದೊಂದೇ. ಒಮ್ಮೆ ನನ್ನ ಕೈಗೆ ಬಂದ ವಿಡಿಯೊವನ್ನು ರೆಕಾರ್ಡರ್ ಎಂಪೆಗ್-2ರಲ್ಲಿ ಕುಗ್ಗಿಸಿತ್ತು, ಎಡಿಟಿಂಗ್ ತಂತ್ರಾಂಶ ಮತ್ತೊಮ್ಮೆ ಕುಗ್ಗಿಸಿತ್ತು, ಕಳಿಸಿದವರು ಮೊಬೈಲ್ ಸಂದೇಶದ ಆ್ಯಪ್ ಬಳಸಿದ್ದರಿಂದ ಮೂರನೆಯ ಸಲವೂ ಕುಗ್ಗಿತ್ತು. ಮೊದಲ ಕಂಪ್ರೆಷನ್‌ನ ಕಲೆಗಳನ್ನು ಎರಡನೆಯದು ನಿಜವಾದ ವಿವರವೆಂದೇ ತಿಳಿದು ಉಳಿಸಿಕೊಂಡಿತ್ತು! ಅದರಲ್ಲಿ ಗಾಯ ಯಾವುದು, ಕಲೆ ಯಾವುದು ಎಂದು ಬೇರ್ಪಡಿಸಲು ದಾರಿಯಿರಲಿಲ್ಲ. ಹೀಗಾಗಿ ರೆಕಾರ್ಡರ್‌ನ ಸೆಟ್ಟಿಂಗ್‌ನಲ್ಲೇ ಡೈಕಾಮ್ ಒಪ್ಪುವ ವಿಧಾನವನ್ನು ಆರಿಸಿ, ಅಲ್ಲಿಂದ ಮುಂದೆ ಆ ಬಿಟ್‌ಗಳನ್ನು ಮುಟ್ಟದೆ ಡೈಕಾಮ್ ಹೊದಿಕೆಯನ್ನು ಮಾತ್ರ ಹಾಕಬೇಕು.

ಯಾವ ವಿಧಾನದಲ್ಲಿ ಕುಗ್ಗಿಸಲಾಗಿದೆ ಎಂಬುದನ್ನು ಡೈಕಾಮ್ ಕಡತ ಟ್ರಾನ್ಸ್‌ಫರ್ ಸಿಂಟ್ಯಾಕ್ಸ್ ಎಂಬ ಅಂಕಿಸಾಲಿನಿಂದ ಸಾರುತ್ತದೆ. 1.2.840.10008.1.2.4.100 ಎಂದರೆ ಹಳೆಯ ಎಂಪೆಗ್-2. ಕೊನೆಯಲ್ಲಿ 102 ಇದ್ದರೆ ಎಚ್.264ರ ಹೈ ಪ್ರೊಫೈಲ್, ಲೆವೆಲ್ 4.1, 107 ಇದ್ದರೆ ಎಚ್.265. ಲೆವೆಲ್ 4.1ರಲ್ಲಿ 1920×1080 ವಿಡಿಯೊ ಸೆಕೆಂಡಿಗೆ 30 ಫ್ರೇಮ್‌ವರೆಗೆ ಮಾತ್ರ ಹಿಡಿಸುತ್ತದೆ. ಕ್ಯಾಮೆರಾ 60 ಫ್ರೇಮ್ ಕೊಡುತ್ತಿದ್ದರೆ ಲೆವೆಲ್ 4.2, ಅಂದರೆ ಕೊನೆಯಲ್ಲಿ 104 ಬೇಕು. 4ಕೆ ಆದರೆ ಎಚ್.265ರತ್ತ ನೋಡಬೇಕು. ಆದರೆ ಹೊಸದೇ ಒಳ್ಳೆಯದೆಂದು ಹಾರುವ ಮುನ್ನ ನಿಮ್ಮ ಪ್ಯಾಕ್ಸ್ (ಆಸ್ಪತ್ರೆಯ ಚಿತ್ರಗಳನ್ನು ಕಾಪಿಡುವ ಸರ್ವರ್) ಮತ್ತು ವ್ಯೂವರ್‌ಗಳ ಜೊತೆ ಬರುವ ಕನ್ಫಾರ್ಮೆನ್ಸ್ ಸ್ಟೇಟ್‌ಮೆಂಟ್ ಎಂಬ ದಾಖಲೆಯನ್ನು ತೆರೆದು ಆ ಸಂಖ್ಯೆ ಅಲ್ಲಿದೆಯೇ ಎಂದು ನೋಡಿ. ಅಲ್ಲಿ ಇಲ್ಲದ ಸಂಖ್ಯೆಯ ಕಡತವನ್ನು ಸರ್ವರ್ ಒಪ್ಪದಿರಬಹುದು. ಒಪ್ಪಿದರೂ ತೆರೆದಾಗ ಕಪ್ಪು ಪರದೆ ಕಾಣಬಹುದು.

ಹೊದಿಕೆ ಹಾಕುವುದು

ರೆಕಾರ್ಡರ್‌ಗೆ ತಾನಾಗಿ ಡೈಕಾಮ್ ಬರದಿದ್ದರೆ, ಮುಕ್ತ ತಂತ್ರಾಂಶವಾದ ಡಿಸಿಎಂ4ಚೆಯಲ್ಲಿರುವ ಉಪಕರಣದಿಂದ ಎಂಪೆಗ್ ಕಡತವನ್ನು ಹಾಗೆಯೇ ಒಳಗಿಟ್ಟು ಹೊದಿಸಬಹುದು. ಹೀಗೆ ತಯಾರಾದ ಕಡತದ ಆರಂಭದಲ್ಲಿ 128 ಬೈಟ್‌ಗಳ ಮುನ್ನುಡಿ, ಅದರ ಬೆನ್ನಿಗೆ ಡಿ, ಐ, ಸಿ, ಎಂ ಎಂಬ ನಾಲ್ಕು ಅಕ್ಷರಗಳು ಇರುತ್ತವೆ. ಮುಂದೆ ಬರುವುದೇ ಟ್ಯಾಗ್‌ಗಳ ಸಾಲು: (0010,0010) ರೋಗಿಯ ಹೆಸರು, (0010,0020) ರೋಗಿಯ ಸಂಖ್ಯೆ, (0028,0008) ಒಟ್ಟು ಫ್ರೇಮ್‌ಗಳು, (0018,1063) ಎರಡು ಫ್ರೇಮ್‌ಗಳ ನಡುವಿನ ಮಿಲಿಸೆಕೆಂಡ್‌ಗಳು. ರೋಗಿಯ ಸಂಖ್ಯೆಯನ್ನು ಕೈಯಿಂದ ಟೈಪ್ ಮಾಡಬೇಡಿ. ಆಸ್ಪತ್ರೆಯ ವ್ಯವಸ್ಥೆ ಯಂತ್ರಕ್ಕೆ ಒದಗಿಸುವ ರೋಗಿಗಳ ಪಟ್ಟಿಯಾದ ಮೊಡಾಲಿಟಿ ವರ್ಕ್‌ಲಿಸ್ಟ್‌ನಿಂದ ಎಳೆದುಕೊಂಡರೆ ಒಂದಂಕಿ ತಪ್ಪಿ ಬೇರೊಬ್ಬರ ದಾಖಲೆಗೆ ವಿಡಿಯೊ ಸೇರುವ ಅಪಾಯ ತಪ್ಪುತ್ತದೆ.

(0028,2110) ಎಂಬ ಟ್ಯಾಗ್‌ನ ಮೇಲೆ ವಿಶೇಷ ಕಣ್ಣಿರಲಿ. ಚಿತ್ರದಿಂದ ವಿವರ ಕಳೆದಿದೆ ಎಂಬುದನ್ನು ಅದು 01 ಎಂದು ದಾಖಲಿಸುತ್ತದೆ. ಹೀಗೆ ಒಮ್ಮೆ 01 ಆದ ಚಿತ್ರವನ್ನು ಆಮೇಲೆ ಲಾಸ್‌ಲೆಸ್ ವಿಧಾನಕ್ಕೆ ಬದಲಿಸಿದರೂ ಅದನ್ನು 00 ಮಾಡುವಂತಿಲ್ಲ. ಕುಗ್ಗಿಸಿದ ಪ್ರಮಾಣ ಗೊತ್ತಿದ್ದರೆ (0028,2112) ಟ್ಯಾಗ್‌ನಲ್ಲಿ ಬರೆದಿಡಿ.

ಉದ್ದವೂ ಒಂದು ತೊಡಕು. ಒಳಗಿಡುವ ತುಣುಕಿನ ಗಾತ್ರವನ್ನು ಡೈಕಾಮ್ 32 ಬಿಟ್‌ಗಳಲ್ಲಿ ಬರೆಯುವುದರಿಂದ ಒಂದೇ ತುಣುಕು ಸುಮಾರು 4 ಗಿಗಾಬೈಟ್ ಮೀರುವಂತಿಲ್ಲ. ಸೆಕೆಂಡಿಗೆ 8 ಮೆಗಾಬಿಟ್‌ನಲ್ಲಿ ಇದು ಸುಮಾರು 71 ನಿಮಿಷದ ವಿಡಿಯೊ. ಮೂರು ಗಂಟೆಯ ಶಸ್ತ್ರಚಿಕಿತ್ಸೆಯನ್ನು ಒಂದೇ ಪರೀಕ್ಷೆಯಡಿ ಹಲವು ಕಡತಗಳಾಗಿ ಒಡೆಯುವುದು ಹಳೆಯ, ಎಲ್ಲೆಡೆ ನಡೆಯುವ ದಾರಿ. ತುಣುಕುಗಳಾಗಿ ಹಂಚಲು ಅವಕಾಶ ಕೊಡುವ ಹೊಸ ಟ್ರಾನ್ಸ್‌ಫರ್ ಸಿಂಟ್ಯಾಕ್ಸ್‌ಗಳೂ ಇವೆ. ಇಷ್ಟಕ್ಕೂ ಮೂರು ಗಂಟೆಯನ್ನು ಇಡಿಯಾಗಿ ಯಾರು ನೋಡುತ್ತಾರೆ? ಮುಖ್ಯ ಭಾಗಗಳನ್ನು ಆಯ್ದು ಇಡುವ ನಿರ್ಧಾರವನ್ನು ಮಾತ್ರ ವೈದ್ಯರೇ ಮಾಡಬೇಕು, ತಂತ್ರಜ್ಞರಲ್ಲ.

ಕಳಿಸುವ ಮುನ್ನ, ಕಳಿಸಿದ ಮೇಲೆ

ಬೋಧನೆಗೋ ಸಂಶೋಧನೆಗೋ ವಿಡಿಯೊ ಹೊರಹೋಗುವುದಾದರೆ ಟ್ಯಾಗ್‌ನಿಂದ ಹೆಸರು ಅಳಿಸಿದರೆ ಸಾಲದು. ಯಂತ್ರವು ಚಿತ್ರದ ಮೂಲೆಯಲ್ಲೇ ಹೆಸರನ್ನು ಅಚ್ಚೊತ್ತಿರಬಹುದು. ಧ್ವನಿ ದಾಖಲಾಗಿದ್ದರೆ ಅದರಲ್ಲಿಯೂ ಯಾರಾದರೂ ರೋಗಿಯನ್ನು ಹೆಸರು ಹಿಡಿದು ಕರೆದಿರಬಹುದು.

ಪ್ಯಾಕ್ಸ್‌ಗೆ ಕಳಿಸಿದ ಕೂಡಲೇ ರೆಕಾರ್ಡರ್‌ನಲ್ಲಿರುವ ಮೂಲವನ್ನು ಅಳಿಸಬೇಡಿ. ಕಳಿಸಿದ ಕಡತವನ್ನು ಸರ್ವರ್‌ನಿಂದಲೇ ಮರಳಿ ಪಡೆದು, ಒಳಗಿನ ವಿಡಿಯೊ ಭಾಗದ ಚೆಕ್‌ಸಮ್ (ಬಿಟ್‌ಗಳಿಂದ ಲೆಕ್ಕಹಾಕಿ ಪಡೆಯುವ ತಾಳೆಯ ಸಂಖ್ಯೆ) ಮೂಲದ್ದಕ್ಕೆ ತಾಳೆಯಾಗುತ್ತದೆಯೇ ನೋಡಿ. ತಾಳೆಯಾಗದಿದ್ದರೆ ದಾರಿಯಲ್ಲಿ ಯಾವುದೋ ತಂತ್ರಾಂಶ ಮತ್ತೆ ಕುಗ್ಗಿಸಿದೆ ಎಂಬ ಅನುಮಾನವೇ ಮೊದಲು ಬರಬೇಕು. ಆಮೇಲೆ ಬೇರೊಂದು ಕಂಪನಿಯ ವ್ಯೂವರ್‌ನಲ್ಲಿ ಅದನ್ನು ತೆರೆದು, ಕೊನೆಯ ಫ್ರೇಮ್‌ವರೆಗೆ ಎಳೆದು, ಅಲ್ಲಿ ಕಾಣುವ ಫ್ರೇಮ್ ಸಂಖ್ಯೆ (0028,0008) ಹೇಳುವ ಸಂಖ್ಯೆಯೇ ಹೌದೇ ಎಂದು ಖಚಿತಪಡಿಸಿಕೊಂಡ ಬಳಿಕವಷ್ಟೇ ಮೂಲವನ್ನು ಅಳಿಸಬಹುದು.