ಕ್ಷೌರದ ಕತ್ತಿಗೆ ಸಾಣೆ: ಗಂಧ ತೇಯ್ದ ಹಾಗೆ, ನೀರು ಬೆರೆಸುತ್ತಾ

ಕೆನ್ನೆಯ ಮೇಲೆ ಜಾರಬೇಕಾದ ಕತ್ತಿ ಕೂದಲನ್ನು ಹಿಡಿದೆಳೆಯತೊಡಗಿದರೆ ಅದರ ಬಾಯಿ ಮೊಂಡಾಗಿದೆ ಎಂದರ್ಥ. ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಗಳು ಸಲೂನಿಗೆ ಬಂದ ಮೇಲೆ ಸಾಣೆ ಹಿಡಿಯುವ ಕೆಲಸ ಕಣ್ಣಿಗೆ ಬೀಳುವುದೇ ಅಪರೂಪ. ಹಳೆಯ ಮಡಚುವ ಕತ್ತಿಯನ್ನು ಜೋಪಾನವಾಗಿ ಇಟ್ಟುಕೊಂಡವರು ಇದನ್ನು ಮನೆಯಲ್ಲೇ ಕಲಿಯಬಹುದು.

ನಾನು ಬಳಸುವುದು ಬೆಲ್ಜಿಯಂನ ಆರ್ಡೆನ್ ಬೆಟ್ಟಸೀಮೆಯ ಹಳದಿ ಕಲ್ಲು, ಕೊಟಿಕ್ಯೂಲ್. ಇದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳು ಒತ್ತಾಗಿ ಕೂತಿವೆ. ನಮ್ಮ ನವರತ್ನಗಳ ಗೋಮೇದಿಕವೂ ಇದೇ ಕುಲದ್ದು. ಹರಳು ಹೆಚ್ಚುಕಡಿಮೆ ಗುಂಡಗಿರುವುದರಿಂದ ಉಕ್ಕಿನ ಮೇಲೆ ಆಳವಾದ ಗೀರು ಬೀಳುವುದಿಲ್ಲ. ಒರಟಿನಿಂದ ನಯದವರೆಗೆ ಮೂರು ನಾಲ್ಕು ಕಲ್ಲು ಕೊಳ್ಳುವವರಿದ್ದಾರೆ. ಬಾಯಿ ಮುಕ್ಕಾಗಿರದ ಕತ್ತಿಗೆ ಈ ಒಂದೇ ಸಾಕು ಎಂಬುದು ನನ್ನ ಅನುಭವ.

ಮೊದಲು ಕಲ್ಲಿನ ಮೈ ಸಮತಟ್ಟಾಗಿದೆಯೇ ನೋಡಿ. ಎಣ್ಣೆ ಬೇಡ, ನೆನೆಸುವುದೂ ಬೇಡ. ನಾಲ್ಕು ಹನಿ ನೀರು ಚಿಮುಕಿಸಿ. ಅದೇ ಜಾತಿಯ ಚಿಕ್ಕ ಕಲ್ಲಿನಿಂದ ಗಂಧ ತೇಯುವ ಹಾಗೆ ಉಜ್ಜಿ. ಹಾಲಿನಂಥ ರಸ ಏಳುತ್ತದೆ. ಸಡಿಲಗೊಂಡ ಹರಳುಗಳು ಈ ರಸದಲ್ಲಿ ಉರುಳಾಡುತ್ತಾ ಉಕ್ಕನ್ನು ಬೇಗ ಸವೆಸುತ್ತವೆ.

ಈಗ ಕತ್ತಿಯನ್ನು ಮಲಗಿಸಿ. ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಕೋನದ ಲೆಕ್ಕ ನಿಮಗೆ ಬೇಕಿಲ್ಲ, ಕತ್ತಿ ಮಾಡಿದವನು ಅದನ್ನು ಬೆನ್ನಿನ ದಪ್ಪದಲ್ಲೇ ಇಟ್ಟಿದ್ದಾನೆ. ಬೆನ್ನೆತ್ತಿದಿರೋ, ಬಾಯಿ ಹೋಯಿತು. ಒಂದು ಬೆರಳಿನ ಹಗುರ ಒತ್ತಡದಲ್ಲಿ ಹಿಂದೆ ಮುಂದೆ ಮೂವತ್ತು ಸಲ, ಮಗುಚಿ ಮತ್ತೆ ಮೂವತ್ತು ಸಲ. ಮಗುಚುವಾಗಲೂ ಬೆನ್ನಿನ ಮೇಲೆಯೇ ಉರುಳಿಸಿ. ಬಿಳಿ ರಸ ಬೂದು ಬಣ್ಣಕ್ಕೆ ತಿರುಗಿದರೆ ಉಕ್ಕು ಸವೆಯುತ್ತಿದೆ. ಎಲ್ಲಿ ತಾಗುತ್ತಿಲ್ಲ ಎಂದು ತಿಳಿಯಬೇಕೇ? ಬಾಯಿಯುದ್ದಕ್ಕೂ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಎರಡು ಸಲ ತೇಯಿರಿ. ಶಾಯಿ ಉಳಿದ ಕಡೆ ಕಲ್ಲು ಮುಟ್ಟಿಲ್ಲ. ತುದಿಯಿಂದ ಬುಡದವರೆಗೆ ಎಲ್ಲ ಭಾಗವೂ ಮುಂಗೈ ಕೂದಲನ್ನು ಬೋಳಿಸುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಹೆಚ್ಚಿನವರು ಸೋಲುವುದು ಇಲ್ಲಿನ ಅವಸರದಲ್ಲೇ.

ಇನ್ನು ನೀರು ಬೆರೆಸುವ ಸರದಿ. ದಟ್ಟ ರಸ ಬೇಗ ಸವೆಸುತ್ತದೆ ನಿಜ, ಆದರೆ ಅದರಲ್ಲಿ ಈಜಾಡುವ ಹರಳುಗಳು ಹೊಸ ಬಾಯಿಗೇ ಬಡಿದು ಅದನ್ನು ಮಂಕಾಗಿಸುತ್ತವೆ. ಆದ್ದರಿಂದ ಬೆರಳ ತುದಿಯಿಂದ ಎರಡು ಹನಿ ಹಾಕಿ, ಬಾಯಿ ಮುಂದಾಗಿ, ಬುಡದಿಂದ ತುದಿಯ ಕಡೆಗೆ ಓರೆಯಾಗಿ ಹದಿನೈದಿಪ್ಪತ್ತು ಸಲ ಎಳೆಯಿರಿ. ಮತ್ತೆರಡು ಹನಿ, ಮತ್ತೆ ಅಷ್ಟೇ ಸಲ. ಹಾಲು ಮಜ್ಜಿಗೆಯಾಗಿ, ಮಜ್ಜಿಗೆ ನೀರುಮಜ್ಜಿಗೆಯಾಗಿ, ಹತ್ತು ಹನ್ನೆರಡು ಸುತ್ತಿನಲ್ಲಿ ಬರಿಯ ನೀರಾಗಬೇಕು. ಸುತ್ತು ಸುತ್ತಿಗೂ ಕೈಭಾರ ಇಳಿಯುತ್ತಾ ಬರಲಿ. ಕೊನೆಗೆ ಕಲ್ಲನ್ನು ತೊಳೆದು, ಶುದ್ಧ ನೀರಿನಲ್ಲಿ, ಕತ್ತಿಯ ತೂಕವಷ್ಟೇ ಬೀಳುವಂತೆ ಐವತ್ತು ಸಲ ಎಳೆಯಿರಿ.

ಆಗ ಅಲಗಿನ ಮುಂದೆ ಓಡುವ ನೀರಿನ ಸಣ್ಣ ಅಲೆಯನ್ನು ದೀಪದ ಬೆಳಕಿನಲ್ಲಿ ನೋಡಿ. ಮೊದಮೊದಲು ಕತ್ತಿ ಅದನ್ನು ತಳ್ಳಿಕೊಂಡು ಹೋಗುತ್ತದೆ. ಹದ ಬಂದ ಮೇಲೆ ಬಾಯಿ ನೀರಿನ ಅಡಿಗೆ ನುಸುಳುತ್ತದೆ, ನೀರು ಅಲಗಿನ ಮೇಲೇರಿ ಬರುತ್ತದೆ. ಆ ಕ್ಷಣಕ್ಕಾಗಿಯೇ ನಾನು ಈ ಕೆಲಸವನ್ನು ಬೆಳಗಿನ ನಿಶ್ಶಬ್ದದಲ್ಲಿ ಮಾಡುತ್ತೇನೆ.

ಒರೆಸಿ ಒಣಗಿಸಿದ ಮೇಲೆ ದಪ್ಪ ಬಟ್ಟೆಯ ಪಟ್ಟಿಯ ಮೇಲೆ ಇಪ್ಪತ್ತೈದು ಸಲ, ಚರ್ಮದ ಪಟ್ಟಿಯ ಮೇಲೆ ಐವತ್ತು ಸಲ ಉಜ್ಜಿ. ಇಲ್ಲಿ ಬೆನ್ನು ಮುಂದಿರಬೇಕು, ಪಟ್ಟಿ ಬಿಗಿಯಾಗಿರಬೇಕು. ಕಾರ್ಬನ್ ಉಕ್ಕಿಗೆ ತುಕ್ಕು ಬೇಗ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಒಂದು ಹನಿ ಎಣ್ಣೆ ಸವರದೆ ಕತ್ತಿಯನ್ನು ಮಡಚಿಡಬೇಡಿ. ಸ್ನಾನದ ಮನೆಯಲ್ಲಿ ಇಡಲೂಬೇಡಿ.